ಹಳಗನ್ನಡದ ೞ ಟೈಪ್ ಮಾಡುವುದು ಹೇಗೆ? ಪಟ್ಟಿಯಲ್ಲೇ ಸಿಗುತ್ತಿಲ್ಲ

ಮದ್ದೂರು_ಸೀಮೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಊರು ಮದ್ದೂರು ತಾಲ್ಲೂಕು. ನಮ್ಮ ಕಡೆಯ ವೀರಗಲ್ಲುಗಳ ಶಾಸನಪಾಠವನ್ನೆಲ್ಲ ಒಂದು ಕಡೆ ಟೈಪ್ ಮಾಡಿ ಜೋಡಿಸುವ ಕೆಲಸ ಹಿಡಿದಿದ್ದೇನೆ. ಅಲ್ಲೇ ಒಂದು ಅಕ್ಷರದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಆ ಅಕ್ಷರ ಹಳಗನ್ನಡದ ರಳ. ತಮಿಳರು, ಮಲಯಾಳಿಗಳು ಈಗಲೂ ಬಳಸುತ್ತಾರಲ್ಲ, ಅದೇ. ಈ ಪ್ರಶ್ನೆಯ ತಲೆಬರಹದಲ್ಲಿ ಹಾಕಿರುವುದನ್ನು ಎಲ್ಲಿಂದಲೋ ಕಾಪಿ ಮಾಡಿ ತಂದೆ. ನನ್ನ ಕೀಬೋರ್ಡಿನಲ್ಲಿ ಅದು ಎಲ್ಲೂ ಇಲ್ಲ. ವಿಂಡೋಸಿನ ಕ್ಯಾರೆಕ್ಟರ್ ಮ್ಯಾಪ್ ತೆಗೆದು ಹೆಸರಿನಿಂದ ಹುಡುಕಿದೆ. ತಮಿಳಿನಲ್ಲಿ ಈ ಅಕ್ಷರದ ಇಂಗ್ಲಿಷ್ ಹೆಸರು ಮೂರು ಎಲ್, ಒಂದು ಎ. ಅದನ್ನೇ ಕೊಟ್ಟರೆ ತಮಿಳಿನದು ಬರುತ್ತದೆ, ಮಲಯಾಳದ್ದು ಬರುತ್ತದೆ, ತೆಲುಗಿನದೂ ಬರುತ್ತದೆ, ದೇವನಾಗರಿಗೂ ಒಂದು ಇದೆ, ಕನ್ನಡದ್ದು ಮಾತ್ರ ಬರುವುದಿಲ್ಲ. ನಮ್ಮದನ್ನು ಬಿಟ್ಟೇಬಿಟ್ಟಿದ್ದಾರಾ? ಹಾಗಾದರೆ ನಾನು ಕಾಪಿ ಮಾಡಿ ತಂದಿದ್ದು ಯಾವುದು?

ಇನ್ನೊಂದು ಸಂಕಟ. ಮೈಸೂರಿನಲ್ಲೇ ಒಂದು ಡಿಟಿಪಿ ಅಂಗಡಿಗೆ ಮೊದಲ ಇಪ್ಪತ್ತು ಪುಟ ಕೊಟ್ಟಿದ್ದೆ. ಪ್ರೂಫ್ ಬಂದಾಗ ನೋಡಿದರೆ ರಳ ಇದ್ದ ಕಡೆಯೆಲ್ಲ ಕೆಲವು ಸಲ ಡಬ್ಬಿ, ಕೆಲವು ಸಲ ಏನೂ ಇಲ್ಲ, ಎರಡು ಕಡೆ ಅಕ್ಷರದ ಚಿತ್ರವನ್ನೇ ಕತ್ತರಿಸಿ ಅಂಟಿಸಿದ್ದಾರೆ. ಕೇಳಿದ್ದಕ್ಕೆ ಎಲ್ಲ ಕಡೆ ಳ ಹಾಕಿಬಿಡಿ ಮೇಡಂ, ಯಾರು ನೋಡುತ್ತಾರೆ ಅಂದರು. ತುಂಬಾ ಬೇಜಾರಾಯಿತು.

ದಯವಿಟ್ಟು ದಾರಿ ಹೇಳಿ. ವರ್ಡ್ ಬಳಸುತ್ತೇನೆ, ಕನ್ನಡವನ್ನು ಫೊನೆಟಿಕ್‌ನಲ್ಲಿ ಟೈಪ್ ಮಾಡುತ್ತೇನೆ.

---

ಸಕ್ಕರೆನಾಡು:

ಳ ಹಾಕಿದರೆ ಏನು ತೊಂದರೆ? ಈಗ ನಾವೆಲ್ಲ ಮಳೆ, ಕೋಳಿ, ಹುಳು ಅಂತ ಳ ಹಾಕಿಯೇ ಬರೆಯುತ್ತೇವಲ್ಲ. ಓದುವವರಿಗೂ ಅದೇ ಸುಲಭ. ತೀರಾ ಬೇಕೇಬೇಕು ಅಂದರೆ ಮಲಯಾಳದ ಅಕ್ಷರ ಹಾಕಿಬಿಡಿ, ಉಚ್ಚಾರ ಒಂದೇ ಅಲ್ವಾ?

---

ಮದ್ದೂರು_ಸೀಮೆ:

ಅಣ್ಣ, ಓದಲು ಸುಲಭ ಅನ್ನುವುದು ಸರಿ. ಆದರೆ ಶಾಸನದಲ್ಲಿ ಎರಡೂ ಬೇರೆ ಬೇರೆ. ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ವೀರಗಲ್ಲುಗಳಲ್ಲಿ ಬಾಳ್ಗಚ್ಚು ಅಂತ ಬರುತ್ತದೆ, ಕತ್ತಿ ತೊಳೆದು ಕೊಡುವ ಭೂಮಿ. ಅಲ್ಲಿ ಳ ಇರುವುದೇ ಸರಿ. ಬದುಕಿದ ಅನ್ನುವ ಕಡೆ ೞ ಬರಬೇಕು. ಎರಡಕ್ಕೂ ಒಂದೇ ಳ ಹಾಕಿಬಿಟ್ಟರೆ ನನ್ನ ಪಾಠ ನೋಡಿ ಕೆಲಸ ಮಾಡುವವರಿಗೆ ಕಲ್ಲಿನಲ್ಲಿ ಏನಿತ್ತು ಅಂತ ಗೊತ್ತಾಗುವುದೇ ಇಲ್ಲ. ಕಲ್ಲು ಕಡೆದವನು ಸಾವಿರ ವರ್ಷದ ಹಿಂದೆ ಬೇರೆ ಮಾಡಿ ತೋರಿಸಿದ್ದನ್ನು ನಾನು ಕಂಪ್ಯೂಟರಿಗೆ ಹಾಕುವಾಗ ಕಲಸಿಬಿಡುವುದು ನನಗೆ ಆಗುವುದಿಲ್ಲ.

ಮಲಯಾಳದ ಅಕ್ಷರವನ್ನು ಒಂದು ಸಲ ಪ್ರಯತ್ನ ಮಾಡಿದೆ. ಅದಕ್ಕೆ ಕನ್ನಡದ ಕೊಂಬು, ಒತ್ತು ಯಾವುದೂ ಅಂಟುವುದಿಲ್ಲ, ಪಕ್ಕದಲ್ಲಿ ಚುಕ್ಕಿ ವೃತ್ತ ಬಂದು ಕೂರುತ್ತದೆ.

---

ಅಕ್ಷರದ_ಬೆನ್ನು:

ತಂಗಿ, ನೀವು ಕಾಪಿ ಮಾಡಿ ತಂದಿರುವುದು ಸರಿಯಾದ ಅಕ್ಷರವೇ. ಯೂನಿಕೋಡಿನಲ್ಲಿ ಕನ್ನಡದ ರಳ ಇದೆ, ಮೊದಲಿನಿಂದಲೂ ಇದೆ. ಹೆಸರು ತಪ್ಪಾಗಿ ಬಿದ್ದಿದೆ, ಅದಕ್ಕೇ ನಿಮಗೆ ಸಿಗಲಿಲ್ಲ. ಅದರ ಅಧಿಕೃತ ಹೆಸರು "ಕನ್ನಡ ಲೆಟರ್ ಫಾ". ಹೌದು, ಎಫ್ ಎ, ಫಾ. ಕ್ಯಾರೆಕ್ಟರ್ ಮ್ಯಾಪಿನಲ್ಲಿ ಆ ಹೆಸರು ಕೊಟ್ಟು ನೋಡಿ, ಎದುರಿಗೇ ಬರುತ್ತದೆ.

ಇದು ಹೇಗಾಯಿತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ತಿಳಿದುಕೊಂಡರೆ ಉಳಿದ ಅಕ್ಷರಗಳ ವಿಚಾರವೂ ಅರ್ಥವಾಗುತ್ತದೆ. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಭಾರತದ ಲಿಪಿಗಳನ್ನು ಸೇರಿಸುವಾಗ ನಮ್ಮ ದೇಶದ್ದೇ ಆದ ಇಸ್ಕಿ ಅನ್ನುವ ಸಂಕೇತ ಪಟ್ಟಿಯನ್ನು, ಅದರ 1988ರ ರೂಪವನ್ನು, ಆಧಾರವಾಗಿ ಇಟ್ಟುಕೊಂಡರು. ಒಂದೊಂದು ಲಿಪಿಗೂ 128 ಮನೆ. ದೇವನಾಗರಿಯಲ್ಲಿ ಒಂದು ಅಕ್ಷರ ಎಷ್ಟನೇ ಮನೆಯಲ್ಲಿದೆಯೋ ಕನ್ನಡದಲ್ಲೂ ಅದರ ಜೋಡಿ ಅಷ್ಟನೇ ಮನೆಯಲ್ಲೇ ಇರುತ್ತದೆ. ದೇವನಾಗರಿಯಿಂದ ಕನ್ನಡಕ್ಕೆ ಏಳು ಲಿಪಿಗಳ ದೂರ, ಅಂದರೆ 896. ದೇವನಾಗರಿ ಕ 2325, ಅದಕ್ಕೆ 896 ಕೂಡಿಸಿ, 3221. ಅದೇ ನಮ್ಮ ಕ.

ಈಗ ರಳ ನೋಡಿ. ತಮಿಳಿನದು 2996, ತೆಲುಗಿನದು 3124, ಮಲಯಾಳದ್ದು 3380. ತೆಲುಗಿನದಕ್ಕೆ 128 ಕೂಡಿಸಿದರೂ ಮಲಯಾಳದ್ದರಲ್ಲಿ 128 ಕಳೆದರೂ ಬರುವುದು 3252. ಕನ್ನಡದ ರಳ ನ್ಯಾಯವಾಗಿ ಅಲ್ಲಿರಬೇಕಿತ್ತು. ಆ ಮನೆ ಇವತ್ತಿಗೂ ಖಾಲಿ ಇದೆ. ನಮ್ಮ ೞ ಕೂತಿರುವುದು 3294ರಲ್ಲಿ. ಅದರಲ್ಲಿ 896 ಕಳೆಯಿರಿ, 2398 ಬರುತ್ತದೆ. ದೇವನಾಗರಿಯಲ್ಲಿ ಆ ಮನೆಯಲ್ಲಿರುವುದು ಕೆಳಗೆ ಚುಕ್ಕಿ ಇರುವ ಫ, ಫ್ಯಾನು ಫೋನುಗಳ ಫ. ಅಕ್ಷರದ ರೂಪ ನಮ್ಮ ರಳದ್ದು, ಮನೆ ಮತ್ತು ಹೆಸರು ಆ ಫಾದ್ದು.

ತಪ್ಪು ಗೊತ್ತಾದ ಮೇಲೆ ಯಾಕೆ ತಿದ್ದಲಿಲ್ಲ ಅಂತ ಕೇಳುತ್ತೀರಿ. 1996ರ ಯೂನಿಕೋಡ್ 2.0ರಿಂದ ಈಚೆಗೆ ಒಂದು ನಿಯಮವಿದೆ, ಒಮ್ಮೆ ಕೊಟ್ಟ ಸಂಖ್ಯೆಯನ್ನೂ ಹೆಸರನ್ನೂ ಎಂದಿಗೂ ಬದಲಾಯಿಸುವುದಿಲ್ಲ. ಬದಲಾಯಿಸಿದರೆ ಅಲ್ಲಿಯವರೆಗೆ ಆ ಸಂಖ್ಯೆಯನ್ನೋ ಹೆಸರನ್ನೋ ನಂಬಿ ಬರೆದ ಕಡತ, ಫಾಂಟು, ಸಾಫ್ಟ್‌ವೇರು ಎಲ್ಲ ಕೆಡುತ್ತವೆ. ಅದಕ್ಕಾಗಿ ಹಳೇ ಹೆಸರು ಹಾಗೇ ಉಳಿಸಿ, ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿ ಅಂತ ಸೇರಿಸಿದ್ದಾರೆ, ಚಾರ್ಟಿನಲ್ಲೂ ಈ ಹೆಸರು ತಪ್ಪು ಅಂತ ಬರೆದಿದ್ದಾರೆ. ನಿಮ್ಮ ಕ್ಯಾರೆಕ್ಟರ್ ಮ್ಯಾಪ್ ಹುಡುಕಿದ್ದು ಹಳೇ ಹೆಸರಿನಲ್ಲಿ.

ನನಗೆ ಇದು ನೋವಿನ ವಿಚಾರ. 13ನೇ ಶತಮಾನದಲ್ಲಿ ವ್ಯಾಕರಣಕಾರ ಕೇಶಿರಾಜ ರಳ, ಕುಳ (ಕನ್ನಡದ್ದೇ ಆದ ಳ), ಕ್ಷಳ (ಸಂಸ್ಕೃತದ ಲ ಬದಲಾಗಿ ಬಂದ ಳ) ಅಂತ ಬೇರೆ ಬೇರೆ ಮಾಡಿ ಯಾವ ಮಾತಿನಲ್ಲಿ ಯಾವುದು ಅಂತ ಹೇಳಿಕೊಟ್ಟಿದ್ದಾನೆ. ಅಷ್ಟು ಜತನದಿಂದ ಬಂದ ಅಕ್ಷರ ಬೇರೆಯವರ ಹೆಸರಿನಲ್ಲಿ ಇದೆ. ಆದರೆ ಸಂಖ್ಯೆ ಗಟ್ಟಿಯಾಗಿದೆ, 3294. ಅದನ್ನೇ ಬಳಸಿ, ಧೈರ್ಯವಾಗಿ ಬಳಸಿ.

---

ಮದ್ದೂರು_ಸೀಮೆ:

ಸರ್, ಇದನ್ನು ಮೂರು ಸಲ ಓದಿದೆ. ಫಾ ಅಂತ ಹುಡುಕಿದರೆ ಸಿಕ್ಕಿತು! ಆದರೆ ಪ್ರತಿ ಸಲ ಅಲ್ಲಿಂದ ಕಾಪಿ ಮಾಡಿ ತರುವುದು ತುಂಬಾ ನಿಧಾನ. ಒಂದೊಂದು ಶಾಸನದಲ್ಲೂ ಹತ್ತಾರು ಕಡೆ ಬರುತ್ತದೆ. ದಾನ ಕೊಟ್ಟ ಮೇಲೆ ಕೊನೆಯಲ್ಲಿ ಶಾಪ ಇರುತ್ತದಲ್ಲ, ಇದನ್ನು ಅೞಿದವನಿಗೆ ಇಂಥ ಪಾಪ ಅಂತ, ಅಲ್ಲಂತೂ ಬಂದೇ ಬರುತ್ತದೆ.

---

ಅಗ್ರಹಾರದ_ಡಿಟಿಪಿ:

ನಾನು ಮೈಸೂರಿನಲ್ಲಿ ಹದಿನೆಂಟು ವರ್ಷದಿಂದ ಕನ್ನಡ ಡಿಟಿಪಿ ಮಾಡುತ್ತಿದ್ದೇನೆ. ಎರಡು ಮೂರು ಶಾಸನ ಪುಸ್ತಕ ನನ್ನ ಕೈಯಲ್ಲೇ ಆಗಿವೆ. ಟೈಪ್ ಮಾಡುವ ದಾರಿ ಹೇಳುತ್ತೇನೆ ಕೇಳಮ್ಮ.

ವರ್ಡ್‌ನಲ್ಲಿ ಕೀಬೋರ್ಡನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿಕೊ. ಸೊನ್ನೆ, ಸಿ, ಡಿ, ಇ ಅಂತ ನಾಲ್ಕು ಕೀ ಒತ್ತು. 3294 ಅನ್ನುವ ಸಂಖ್ಯೆಯನ್ನು ಹದಿನಾರರ ಲೆಕ್ಕದಲ್ಲಿ ಬರೆದರೆ ಹಾಗಾಗುತ್ತದೆ. ಜಾಗ ಬಿಡದೆ ಆಲ್ಟ್ ಹಿಡಿದು ಎಕ್ಸ್ ಒತ್ತು. ಆ ನಾಲ್ಕು ಹೋಗಿ ೞ ಬರುತ್ತದೆ. ಲಿಬ್ರೆಆಫೀಸ್‌ನಲ್ಲೂ ಇದೇ ನಡೆಯುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿ, ಆ ನಾಲ್ಕು ಕೊಟ್ಟು ಎಂಟರ್ ಹೊಡೆಯಬೇಕು. ಆಲ್ಟ್ ಹಿಡಿದು ಬಲಗಡೆಯ ನಂಬರ್ ಪ್ಯಾಡಿನಲ್ಲಿ 3294 ಒತ್ತಿದರೂ ವರ್ಡ್‌ನಲ್ಲಿ ಬರುತ್ತದೆ, ಆದರೆ ಎಲ್ಲ ಸಾಫ್ಟ್‌ವೇರಿನಲ್ಲೂ ಬರುತ್ತದೆ ಅಂತ ನಂಬಬೇಡ, ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪಿನಲ್ಲಂತೂ ಆಗುವುದೇ ಇಲ್ಲ. ವೆಬ್ ಪುಟಕ್ಕೆ ಬರೆಯುವಾಗ ೞ ಅಂತ ಹಾಕಿದರೆ ಸಾಕು.

ವರ್ಡ್‌ನಲ್ಲಿ ಇನ್ಸರ್ಟ್, ಸಿಂಬಲ್ ಒಳಗೆ ಹೋಗಿ ಈ ಅಕ್ಷರಕ್ಕೆ ಒಂದು ಶಾರ್ಟ್‌ಕಟ್ ಕೀಯನ್ನೂ ಇಡಬಹುದು. ಆದರೆ ನೀನು ಫೊನೆಟಿಕ್ ಅಂದೆ. ಅಲ್ಲೊಂದು ತೊಡಕಿದೆ. ಶಾರ್ಟ್‌ಕಟ್‌ನಿಂದ ೞ ಬಂದ ಮೇಲೆ ಯು ಒತ್ತಿದರೆ ಕೊಂಬು ಬರುವುದಿಲ್ಲ, ಬಿಡಿಯಾಗಿ ಉ ಬರುತ್ತದೆ. ಅದಕ್ಕೆ ಮೊದಲು ಬಂದಿರುವುದು ವ್ಯಂಜನ ಅಂತ ಆ ಟೈಪಿಂಗ್ ಸಾಫ್ಟ್‌ವೇರಿಗೆ ಗೊತ್ತಿರುವುದಿಲ್ಲ, ಯಾಕೆಂದರೆ ಆ ಅಕ್ಷರ ಅದರ ಕೈಯಿಂದ ಬಂದಿದ್ದಲ್ಲ.

ಅದಕ್ಕೆ ನಾನು ಮಾಡುವುದು ಹೀಗೆ. ಪಾಠದಲ್ಲಿ ಎಲ್ಲೂ ಬರದ ಒಂದು ಅಕ್ಷರ ಆರಿಸಿಕೊಳ್ಳುತ್ತೇನೆ. ರಳ ಇರುವ ಕಡೆಯೆಲ್ಲ ಅದನ್ನೇ ಟೈಪ್ ಮಾಡಿಕೊಂಡು ಹೋಗುತ್ತೇನೆ. ಗುಣಿತ, ಒತ್ತು ಎಲ್ಲ ಅದಕ್ಕೇ ಹಾಕುತ್ತೇನೆ. ಪೂರ್ತಿ ಮುಗಿದ ಮೇಲೆ ಫೈಂಡ್ ರಿಪ್ಲೇಸ್‌ನಲ್ಲಿ ಒಂದೇ ಏಟಿಗೆ ಎಲ್ಲವನ್ನೂ ೞ ಮಾಡುತ್ತೇನೆ. ಗುಣಿತ, ಒತ್ತು ಯಾವುದೂ ಕದಲುವುದಿಲ್ಲ, ಯಾಕೆಂದರೆ ಕಂಪ್ಯೂಟರಿನ ಒಳಗೆ ಮೂಲ ವ್ಯಂಜನ ಒಂದು ಸಂಖ್ಯೆ, ಅದರ ಮುಂದೆ ಬರುವ ಕೊಂಬು ಇನ್ನೊಂದು ಸಂಖ್ಯೆ. ವ್ಯಂಜನ ಮಾತ್ರ ಬದಲಾಗುತ್ತದೆ, ಹಿಂದಿನದು ಮುಂದಿನದು ಹಾಗೇ ಇರುತ್ತದೆ.

ಮೊದಮೊದಲು ಇದಕ್ಕೆ ಙ ಇಟ್ಟುಕೊಂಡಿದ್ದೆ. ಯಾರೂ ಬರೆಯದ ಅಕ್ಷರ ಅಂದುಕೊಂಡೆ. ಶಾಸನದಲ್ಲಿ ಗಂಗರನ್ನು ಗಙ್ಗ ಅಂತ ಬರೆದಿರುತ್ತಾರೆ, ಅದೂ ರಳ ಆಗಿಹೋಯಿತು. ಒಂದು ರಾತ್ರಿ ಪೂರ್ತಿ ಕೂತು ತಿದ್ದಿದೆ. ಪಞ್ಚ ಅಂತ ಬರುವುದರಿಂದ ಞ ಕೂಡ ಬೇಡ. ಆಷಾಢ ಮಾಸ ಬರುತ್ತದೆ, ಢ ಬೇಡ. ಝ ಇಟ್ಟುಕೊ. ಆದರೂ ರಿಪ್ಲೇಸ್ ಮಾಡುವ ಮುಂಚೆ ಮೂಲ ಪುಸ್ತಕದಲ್ಲಿ ನಿಜವಾದ ಝ ಎಲ್ಲಾದರೂ ಇದೆಯಾ ಅಂತ ನೋಡಿಕೊ.

ಪ್ರೂಫಿನಲ್ಲಿ ಡಬ್ಬಿ ಬಂದಿದ್ದಕ್ಕೆ ಕಾರಣ ಬೇರೆ. ತುಂಬಾ ಅಂಗಡಿಗಳಲ್ಲಿ ಇನ್ನೂ ಹಳೇ ಆಸ್ಕಿ ಫಾಂಟಿನಲ್ಲೇ ಪುಟ ಕಟ್ಟುತ್ತಾರೆ. ಅಲ್ಲಿ ಕನ್ನಡಕ್ಕೆ ಅಂತ ಬೇರೆ ಸಂಖ್ಯೆಗಳೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಯ ಮೇಲೆ ಕನ್ನಡದ ತುಂಡುಗಳ ಚಿತ್ರ ಕೂರಿಸಿರುತ್ತಾರೆ. ಇರುವುದು 256 ಮನೆ ಮಾತ್ರ, ಅದರಲ್ಲಿ ತಲೆಕಟ್ಟು, ಒತ್ತು, ಗುಣಿತ ಎಲ್ಲ ತುಂಬಬೇಕು. ನಿನ್ನ ಯೂನಿಕೋಡ್ ಕಡತವನ್ನು ಆಸ್ಕಿಗೆ ತಿರುಗಿಸುವಾಗ ಪರಿವರ್ತಕದ ಪಟ್ಟಿಯಲ್ಲಿ ೞ ಇಲ್ಲದಿದ್ದರೆ ಅದು ಉದುರಿಹೋಗುತ್ತದೆ. ಚಿತ್ರ ಅಂಟಿಸುವುದು ಇನ್ನೂ ಕೆಟ್ಟದ್ದು. ಕಣ್ಣಿಗೆ ಅಕ್ಷರದ ಹಾಗೇ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡಿನಲ್ಲೇ ಪುಟ ಕಟ್ಟುವವರ ಹತ್ತಿರ ಕೊಡು, ಕೊಡುವಾಗ ಕಡತದ ಜೊತೆಗೆ ನೀನೇ ಮಾಡಿದ ಪಿಡಿಎಫ್ ಒಂದನ್ನು ಕೊಡು, ಹೀಗೇ ಬರಬೇಕು ಅಂತ ತೋರಿಸಲು. ಫಾಂಟು ನೋಟೊ ಸೆರಿಫ್ ಕನ್ನಡ ಹಾಕು. ಪುಕ್ಕಟೆ ಸಿಗುತ್ತದೆ, ೞ ಮತ್ತು ಹಳಗನ್ನಡದ ಇನ್ನೊಂದು ರ ಆದ ಱ ಎರಡೂ ಅದರಲ್ಲಿವೆ.

---

ಅಕ್ಷರದ_ಬೆನ್ನು:

ಮೇಲಿನವರು ಹೇಳಿದ ಝ ಉಪಾಯ ನನಗೂ ಹೊಸದು. ತುಂಬಾ ಚೆನ್ನಾಗಿದೆ.

ಒಂದು ಮಾತು ಸೇರಿಸುತ್ತೇನೆ. ಈಗಾಗಲೇ ಳ ಹಾಕಿ ಟೈಪ್ ಮಾಡಿರುವ ಪುಟಗಳಿದ್ದರೆ ಅವನ್ನು ಒಂದೇ ಏಟಿಗೆ ತಿದ್ದಲು ಹೋಗಬೇಡಿ. ಕಂಪ್ಯೂಟರಿಗೆ ಳ 3251, ೞ 3294, ಎರಡಕ್ಕೂ ಸಂಬಂಧವೇ ಇಲ್ಲ. ಯಾವ ಳ ನಿಜವಾದ ಳ, ಯಾವುದು ರಳ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದೇ ನೋಡಬೇಕು. ಚೋೞ, ಪೇೞ್, ಅೞಿ, ಏೞು, ಕೆೞಗೆ, ಗೞ್ದೆ ಇಂಥ ಮಾತುಗಳು ಶಾಸನದಲ್ಲಿ ಜಾಸ್ತಿ ಬರುತ್ತವೆ, ಅಲ್ಲಿಂದ ಶುರು ಮಾಡಿ. ಆದರೆ ವ್ಯಾಕರಣದ ಪ್ರಕಾರ ೞ ಇರಬೇಕಿತ್ತು ಅಂತ ನೀವೇ ಹಾಕಬೇಡಿ. ಹಳಗನ್ನಡದ ಕೊನೆಯ ಹೊತ್ತಿಗೆ ಜನರ ಬಾಯಲ್ಲೇ ಇದು ಳ ಆಗುತ್ತಾ ಬಂತು, ಇನ್ನೊಂದು ವ್ಯಂಜನಕ್ಕೆ ಮೊದಲು ಬಂದ ಕಡೆ ರ್ ಆಗಿ ಆಮೇಲೆ ಅದೂ ಬಿದ್ದುಹೋಯಿತು. ಗೞ್ದೆ ಗರ್ದೆಯಾಗಿ ಗದ್ದೆಯಾಯಿತು, ಕೞ್ತೆ ಕತ್ತೆಯಾಯಿತು. ಕಲ್ಲಿನಲ್ಲಿ ಗರ್ದೆ ಇದ್ದರೆ ಗರ್ದೆ ಅಂತಲೇ ಇರಲಿ. ಯಾವ ಕಾಲಕ್ಕೆ ಯಾವ ಊರಿನಲ್ಲಿ ಅಕ್ಷರ ಹೋಯಿತು ಅಂತ ಮುಂದೆ ಯಾರಾದರೂ ಲೆಕ್ಕ ಹಾಕುವುದು ಇಂಥ ಪಾಠಗಳಿಂದಲೇ.

ಹಳೇ ಶಾಸನ ಸಂಪುಟಗಳಲ್ಲಿ ರೋಮನ್ ಲಿಪಿಯ ಪಾಠವೂ ಇದ್ದರೆ ಅನುಮಾನ ಬಂದ ಕಡೆ ಅದನ್ನೂ ನೋಡಿ. ಸಾಮಾನ್ಯವಾಗಿ ಎಲ್ ಕೆಳಗೆ ಚುಕ್ಕಿ ಇದ್ದರೆ ಳ, ಅಡ್ಡಗೆರೆ ಇದ್ದರೆ ೞ.

ಹುಡುಕುವಾಗ ಎರಡೂ ಒಟ್ಟಿಗೆ ಸಿಗಬೇಕು ಅಂದರೆ ಲಿಬ್ರೆಆಫೀಸ್‌ನ ಫೈಂಡ್ ರಿಪ್ಲೇಸ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಅನ್ನುವುದಕ್ಕೆ ಟಿಕ್ ಹಾಕಿ ಬಾ[ಳೞ] ಅಂತ ಕೊಡಿ. ಕತ್ತಿಯೂ ಬರುತ್ತದೆ, ಬದುಕೂ ಬರುತ್ತದೆ.

---

ತಾಳೆಗರಿ:

ಇಷ್ಟೆಲ್ಲ ಮಾತಾಡಿದಿರಿ, ಅದರ ಪಕ್ಕದ ಮನೆಯವರನ್ನು ಬಿಟ್ಟಿರಲ್ಲ. 3294 ರಳವಾದರೆ 3293 ನಕಾರಪೊಲ್ಲು. ಪದದ ಕೊನೆಯ ನ್ ಅನ್ನು ಒಂದೇ ಗುರುತಿನಲ್ಲಿ ಬರೆಯುತ್ತಿದ್ದರಲ್ಲ, ಅದು. ಇದು ಯೂನಿಕೋಡಿಗೆ ಬಂದದ್ದು ತೀರಾ ಈಚೆಗೆ, 2021ರ 14ನೇ ಆವೃತ್ತಿಯಲ್ಲಿ. ಇಲ್ಲಿ ಹಾಕುತ್ತೇನೆ ನೋಡಿ: ೝ. ಡಬ್ಬಿ ಕಂಡರೆ ನಿಮ್ಮ ಫಾಂಟಿನಲ್ಲಿ ಅದು ಇನ್ನೂ ಸೇರಿಲ್ಲ ಅಂತ. ಕೋಡ್ ಸೊನ್ನೆ, ಸಿ, ಡಿ, ಡಿ. ಹಸ್ತಪ್ರತಿ ಟೈಪ್ ಮಾಡುವವರಿಗೆ ಇದು ಬೇಕಾಗುತ್ತದೆ. ನಿಮ್ಮ ಮೂಲದಲ್ಲಿ ನ್ ಅಂತಲೇ ಅಚ್ಚಾಗಿದ್ದರೆ ಇದರ ಗೊಡವೆ ಬೇಡ.

ಶಕಟರೇಫ ಱ ಬಗ್ಗೆ ಚಿಂತೆ ಇಲ್ಲ. ಅದು 3249, ಇನ್‌ಸ್ಕ್ರಿಪ್ಟ್ ಕೀಬೋರ್ಡಿನಲ್ಲಿ ಜೆ ಕೀಯ ಮೇಲೆ ರ ಇದೆ, ಅದನ್ನೇ ಶಿಫ್ಟ್ ಹಿಡಿದು ಒತ್ತಿದರೆ ಱ ಬರುತ್ತದೆ. ಕೆಱೆ, ಆಱು, ನೂಱು ಎಲ್ಲದರಲ್ಲೂ ಬೇಕಾಗುತ್ತದೆ. ಶಾಸನದ ಕೆಲಸಕ್ಕೆ ಇನ್‌ಸ್ಕ್ರಿಪ್ಟ್ ಕಲಿತುಬಿಡಿ ಅಂತ ನನ್ನ ಸಲಹೆ. ಅಲ್ಲಿ ಕೊಂಬು, ಗುಡಿಸು ಎಲ್ಲಕ್ಕೂ ಬೇರೆ ಕೀ ಇರುವುದರಿಂದ ೞ ಎಲ್ಲಿಂದ ತಂದು ಹಾಕಿದರೂ ಗುಣಿತ ಸರಿಯಾಗಿ ಕೂರುತ್ತದೆ. ಹದಿನೈದು ದಿನ ಕಷ್ಟ, ಆಮೇಲೆ ಕೈ ತಾನೇ ಓಡುತ್ತದೆ.

---

ಸಕ್ಕರೆನಾಡು:

ಬಾಳ್, ಬಾೞ್ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ ತಂಗಿ. ಸುಮ್ನೆ ಏನೋ ಹೇಳಿಬಿಟ್ಟೆ. ಫೋನಿನಲ್ಲಿ ಇದನ್ನು ಹಾಕುವುದು ಹೇಗೆ ಅಂತಲೂ ಯಾರಾದರೂ ಹೇಳಿ.

---

ಅಗ್ರಹಾರದ_ಡಿಟಿಪಿ:

ಫೋನಿನ ಕೀಬೋರ್ಡ್ ಸೆಟಿಂಗ್‌ನಲ್ಲಿ ಪರ್ಸನಲ್ ಡಿಕ್ಷನರಿ ಅಂತ ಇದ್ದರೆ ಅದರಲ್ಲಿ ೞ ಸೇರಿಸಿ, ಎದುರಿಗೆ ಒಂದು ಶಾರ್ಟ್‌ಕಟ್ ಕೊಡಿ. ಅದನ್ನು ಟೈಪ್ ಮಾಡಿದಾಗ ಮೇಲಿನ ಸಾಲಿನಲ್ಲಿ ೞ ತೋರಿಸುತ್ತದೆ.

---

ಮದ್ದೂರು_ಸೀಮೆ:

ನಾಲ್ಕು ದಿನ ಆಯಿತು, ಏನಾಯಿತು ಅಂತ ಹೇಳಲೇಬೇಕು ಅನಿಸಿತು.

ಮೊದಲು ನಮ್ಮ ತಾಲ್ಲೂಕಿನದೇ ಆತಕೂರಿನ ಕಲ್ಲು ತೆಗೆದುಕೊಂಡೆ. ಕ್ರಿ.ಶ. 950ರ ಹೊತ್ತಿನದು. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನುವ ನಾಯಿಗೆ ಮಣಲೆರ ಅನ್ನುವ ವೀರ ಕಲ್ಲು ನಿಲ್ಲಿಸಿದ ಕತೆ ನಿಮಗೆಲ್ಲ ಗೊತ್ತಿರುತ್ತದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ರಾಜಾದಿತ್ಯ ಸತ್ತ ವಿಚಾರವೂ ಅದರಲ್ಲಿದೆ. ಅವನ ವಂಶದ ಹೆಸರನ್ನು ಮೊದಲ ಸಲ ಚೋೞ ಅಂತ ಸರಿಯಾಗಿ ಟೈಪ್ ಮಾಡಿದೆ. ಝ ಇಟ್ಟುಕೊಂಡೇ ಮಾಡಿದೆ. ರಿಪ್ಲೇಸ್ ಒತ್ತಿದ ತಕ್ಷಣ ಎಲ್ಲ ಕಡೆ ಒಂದೇ ಸಲ ರಳ ಬಂದು ಕೂತಿದ್ದು ನೋಡಿ ಹಾಸ್ಟೆಲಿನಲ್ಲಿ ಪಕ್ಕದವರನ್ನೆಲ್ಲ ಕರೆದು ತೋರಿಸಿದೆ.

ನಮ್ಮ ಗೈಡ್ ಮೇಡಂಗೆ ವರ್ಡ್ ಕಡತ ಕಳಿಸಿದ್ದೆ, ಅವರ ಹಳೇ ಕಂಪ್ಯೂಟರಿನಲ್ಲಿ ಡಬ್ಬಿ ಕಂಡಿತಂತೆ. ಪಿಡಿಎಫ್ ಮಾಡಿ ಕಳಿಸಿದ ಮೇಲೆ ಸರಿಯಾಯಿತು. ಅವರ ಕಂಪ್ಯೂಟರಿಗೂ ನೋಟೊ ಫಾಂಟು ಹಾಕಿಕೊಟ್ಟು ಬಂದೆ. ಫಾ ಅನ್ನುವ ಹೆಸರಿನ ವಿಚಾರ ಹೇಳಿದಾಗ ಅವರು ನಂಬಲೇ ಇಲ್ಲ. 2398ಕ್ಕೆ 896 ಕೂಡಿಸಿ ಕಾಗದದ ಮೇಲೆ ತೋರಿಸಿದೆ.

ಇಪ್ಪತ್ತು ಪುಟ ಹಳೇ ಟೈಪಿಂಗ್ ಇದೆಯಲ್ಲ, ಅದನ್ನು ಪುಸ್ತಕ ಇಟ್ಟುಕೊಂಡು ಮೊದಲಿನಿಂದ ನೋಡುತ್ತಿದ್ದೇನೆ. ಏಳನೇ ಪುಟದಲ್ಲಿದ್ದೇನೆ. ಒಂದು ಕಡೆ ಗರ್ದೆ ಅಂತ ಇತ್ತು, ಹಾಗೇ ಬಿಟ್ಟೆ.